ಜೈವಿಕ ಮಾಹಿತಿ ವಿಜ್ಞಾನ: ದೇಶದೇಶಗಳ ಸಹಕಾರ ಮತ್ತು ನಮ್ಮ ಮಕ್ಕಳು

(ಸಂಸ್ಥೆಯ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವಿಜ್ಞಾನಿಯಲ್ಲ. ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಭಾಷೆಯ ಮೇಷ್ಟರಿಗೆ ಜೀವವಿಜ್ಞಾನ ಮತ್ತು ಕಂಪ್ಯೂಟರ್ ಸೇರಿದ ಈ ಶಾಸ್ತ್ರದಲ್ಲಿ ಏನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಈ ವಿಷಯವನ್ನು ಓದುತ್ತಾ ಹೋದಂತೆ ನನಗೆ ತಿಳಿದದ್ದು ಇಷ್ಟು: ಇದು ಮೂಲತಃ ಅಕ್ಷರ ಓದುವ ವಿದ್ಯೆ. ಓದಲು ಬೇಕಾದ ಪುಸ್ತಕ ಜಗತ್ತಿಗೆಲ್ಲ ತೆರೆದಿದೆ. ಆದರೆ ಓದಬಲ್ಲವರು ಎಲ್ಲ ಕಡೆಯೂ ಇಲ್ಲ. ಓದಬಲ್ಲವರನ್ನು ತಯಾರು ಮಾಡಲು ದೇಶದೇಶಗಳು ಹೇಗೆ ಕೈಜೋಡಿಸಿವೆ, ಅದರಿಂದ ನಾವು ಕಲಿಯಬೇಕಾದದ್ದೇನು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಇದು ಯಾವ ವಿದ್ಯೆ?

ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಅದು ನಾಲ್ಕು ರಾಸಾಯನಿಕಗಳಿಂದ ಆದದ್ದು. ವಿಜ್ಞಾನಿಗಳು ಅವನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ಕೊರೊನಾ ವೈರಸ್ಸಿನದು ಸುಮಾರು 30 ಸಾವಿರ ಅಕ್ಷರಗಳ ಸಣ್ಣ ಕೈಪಿಡಿ. (ಅದು ಡಿಎನ್‌ಎ ಅಲ್ಲ, ಆರ್‌ಎನ್‌ಎ. ಆದರೂ ಅಕ್ಷರದ ಲೆಕ್ಕ ಒಂದೇ.) ಇಷ್ಟು ಅಕ್ಷರಗಳನ್ನು ಕಣ್ಣಿನಿಂದ ಓದಿ ಮುಗಿಸುವುದು ಯಾರಿಗೂ ಸಾಧ್ಯವಿಲ್ಲ. ಕಂಪ್ಯೂಟರಿನ ನೆರವಿನಿಂದ ಅವನ್ನು ಕೂಡಿಡುವುದು, ಹೋಲಿಸುವುದು, ಅರ್ಥ ಮಾಡಿಕೊಳ್ಳುವುದು - ಇದಕ್ಕೆ ಬಯೊಇನ್ಫರ್ಮ್ಯಾಟಿಕ್ಸ್ ಎನ್ನುತ್ತಾರೆ. ಕನ್ನಡದಲ್ಲಿ ಜೈವಿಕ ಮಾಹಿತಿ ವಿಜ್ಞಾನ ಎನ್ನಬಹುದು.

ಉರ್ದು ಬಲ್ಲವರಿಗೆ ಒಂದು ಉದಾಹರಣೆ ಸಾಕು. 'ದುಆ' ಎಂದು ಬರೆದು ನಡುವಿನ ಅಕ್ಷರದ ಮೇಲೆ ಒಂದು ಚುಕ್ಕೆ ಇಟ್ಟರೆ ಅದು 'ದಗಾ' ಆಗುತ್ತದೆ. ಪ್ರಾರ್ಥನೆ ಹೋಗಿ ಮೋಸ ಬರುತ್ತದೆ. ಡಿಎನ್‌ಎಯಲ್ಲಿಯೂ ಹಾಗೆಯೇ. ರಕ್ತದ ಹಿಮೋಗ್ಲೋಬಿನ್ ತಯಾರಿಸುವ ಒಂದು ಜೀನಿನಲ್ಲಿ ಎ ಎಂಬ ಅಕ್ಷರದ ಜಾಗದಲ್ಲಿ ಟಿ ಬಂದರೆ ಕೆಂಪು ರಕ್ತಕಣದ ರೂಪವೇ ಬದಲಾಗಬಹುದು. ತಾಯಿ ಮತ್ತು ತಂದೆ ಇಬ್ಬರಿಂದಲೂ ಈ ಬದಲಾದ ಅಕ್ಷರ ಮಗುವಿಗೆ ಬಂದಾಗ ದುಂಡಗಿನ ಕಣ ಕುಡುಗೋಲಿನಂತೆ ಬಾಗುತ್ತದೆ. ಇದೇ ಸಿಕಲ್ ಸೆಲ್ ರೋಗ. ಆಫ್ರಿಕದಲ್ಲಿ ಇದು ಬಹಳ. ನಮ್ಮ ದೇಶದ ಆದಿವಾಸಿ ಸಮುದಾಯಗಳಲ್ಲಿಯೂ ಇದೆ. ಇದಕ್ಕಾಗಿಯೇ ಭಾರತ ಸರ್ಕಾರ 2023ರಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಒಂದು ಅಕ್ಷರದ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ತೆರೆದ ಗ್ರಂಥಾಲಯ

ಈ ಶಾಸ್ತ್ರ ಒಂದು ದೇಶದ ಸ್ವತ್ತಾಗಿ ಬೆಳೆದದ್ದಲ್ಲ. 1980ರ ದಶಕದಲ್ಲಿ ಅಮೆರಿಕ, ಯೂರೋಪ್ ಮತ್ತು ಜಪಾನುಗಳಲ್ಲಿ ಡಿಎನ್‌ಎ ಅಕ್ಷರಗಳನ್ನು ಕೂಡಿಡುವ ಮೂರು ಭಂಡಾರಗಳು ಹುಟ್ಟಿದವು. ಈ ಮೂರೂ ತಮ್ಮಲ್ಲಿಗೆ ಬಂದದ್ದನ್ನು ಒಂದಕ್ಕೊಂದು ಹಂಚಿಕೊಳ್ಳುತ್ತವೆ. ಯಾವ ಭಂಡಾರದ ಬಾಗಿಲು ತಟ್ಟಿದರೂ ಅದೇ ಸಂಪತ್ತು ಸಿಗುತ್ತದೆ, ಅದೂ ಉಚಿತವಾಗಿ.

1990ರಲ್ಲಿ ಶುರುವಾಗಿ 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ಜಪಾನ್, ಚೀನಾ - ಈ ಆರು ದೇಶಗಳ ಸಂಸ್ಥೆಗಳು ದುಡಿದವು. 1996ರಲ್ಲಿ ಬರ್ಮುಡಾ ದ್ವೀಪದಲ್ಲಿ ಸೇರಿದ ವಿಜ್ಞಾನಿಗಳು ಒಂದು ಒಪ್ಪಂದಕ್ಕೆ ಬಂದರು: ಓದಿದ ಅಕ್ಷರಗಳನ್ನು ಯಾರೂ ಬಚ್ಚಿಡಬಾರದು, 24 ಗಂಟೆಗಳೊಳಗೆ ಜಗತ್ತಿಗೆ ಕೊಡಬೇಕು. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂದು ನಾವು ಮಕ್ಕಳಿಗೆ ಹೇಳುವ ಮಾತು ಇಲ್ಲಿ ನಿಯಮವಾಯಿತು.

ಇದರ ಫಲವನ್ನು ನಾವೆಲ್ಲ ಉಂಡಿದ್ದೇವೆ. 2020ರ ಜನವರಿ 11ರಂದು ಶಾಂಘೈನ ವಿಜ್ಞಾನಿ ಜಾಂಗ್ ಯೋಂಗ್‌ಜೆನ್ ಅವರ ತಂಡ ಓದಿದ ಕೊರೊನಾ ವೈರಸ್ಸಿನ ಅಕ್ಷರಮಾಲೆಯನ್ನು ಸಿಡ್ನಿಯ ಎಡ್ವರ್ಡ್ ಹೋಮ್ಸ್ ಅವರು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು. ಆ ಅಕ್ಷರಗಳನ್ನೇ ಹಿಡಿದು ಲಸಿಕೆಯ ಕೆಲಸ ಶುರುವಾಯಿತು. ಅದೇ ವರ್ಷದ ಮಾರ್ಚ್ 16ರಂದು ಅಮೆರಿಕದಲ್ಲಿ ಮೊದಲ ಲಸಿಕೆಯೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸಲಾಯಿತು. ವೈರಸ್ಸನ್ನು ಸೀಸೆಯಲ್ಲಿಟ್ಟು ಕಳಿಸಬೇಕಾಗಲಿಲ್ಲ, ಅದರ ಅಕ್ಷರಗಳು ತಲುಪಿದ್ದೇ ಸಾಕಾಯಿತು.

ಕೊಟ್ಟವರಿಗೆ ಏನು ಸಿಕ್ಕಿತು?

ಇಲ್ಲಿಯವರೆಗೆ ಒಳ್ಳೆಯ ಮುಖ ನೋಡಿದೆವು. ಇನ್ನೊಂದು ಮುಖವೂ ಇದೆ.

2007ರಲ್ಲಿ ಇಂಡೊನೇಷ್ಯಾದ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿಯವರು ಹಕ್ಕಿಜ್ವರದ ವೈರಸ್ ಮಾದರಿಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಕಳಿಸುವುದನ್ನು ತಡೆದದ್ದು ದೊಡ್ಡ ಸುದ್ದಿಯಾಯಿತು. ಅವರ ವಾದ ಸರಳವಾಗಿತ್ತು. ಸಾಯುವವರು ನಮ್ಮ ಜನ, ಮಾದರಿ ಕೊಡುವವರು ನಾವು. ಅದರಿಂದ ಶ್ರೀಮಂತ ದೇಶದ ಕಂಪೆನಿ ಲಸಿಕೆ ಮಾಡಿದರೆ ಅದನ್ನು ಕೊಳ್ಳುವ ಶಕ್ತಿ ನಮಗಿಲ್ಲ. ಇದೆಂಥ ಹಂಚಿಕೆ? ಹಾಗೆ ತಡೆದದ್ದು ಸರಿಯೇ ಎಂಬ ಬಗ್ಗೆ ಜಗತ್ತಿನಲ್ಲಿ ವಾದ ನಡೆಯಿತು. ಆದರೆ ಅವರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕಲು ಯಾರಿಗೂ ಆಗಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಜ್ವರದ ವೈರಸ್ಸುಗಳ ಹಂಚಿಕೆ ಮತ್ತು ಅದರ ಲಾಭದ ಹಂಚಿಕೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಒಪ್ಪಿಕೊಂಡವು.

ಆಫ್ರಿಕದ ದೂರೂ ಇಂಥದ್ದೇ. ಹೊರಗಿನವರು ಬಂದು ರಕ್ತದ ಮಾದರಿ ತೆಗೆದುಕೊಂಡು ಹೋಗುತ್ತಾರೆ, ತಮ್ಮ ದೇಶದಲ್ಲಿ ಓದುತ್ತಾರೆ, ಲೇಖನ ಬರೆದು ಹೆಸರು ಪಡೆಯುತ್ತಾರೆ. ರಕ್ತ ಕೊಟ್ಟ ಊರಿಗೆ ಏನೂ ಮರಳಿ ಬರುವುದಿಲ್ಲ. ಗೋಧಿ ಬೆಳೆದವನ ಮನೆಯಲ್ಲಿ ರೊಟ್ಟಿ ಇಲ್ಲದಂಥ ಸ್ಥಿತಿ ಇದು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಬಾಗಿಲು ಮುಚ್ಚುವುದು. ಹಾಗೆ ಮಾಡಿದರೆ ರೋಗ ಬಂದಾಗ ಎಲ್ಲರಿಗೂ ನಷ್ಟ. ಇನ್ನೊಂದು, ಮಾದರಿ ಕೊಡುವ ಊರಿನಲ್ಲಿಯೇ ಅದನ್ನು ಓದಬಲ್ಲ ಜನರನ್ನು ಬೆಳೆಸುವುದು. ಈ ಎರಡನೆಯ ದಾರಿಯೇ ಶಿಕ್ಷಣದ ದಾರಿ.

ಕಲಿಸುವುದರಲ್ಲಿ ಕೈಜೋಡಿಸಿದವರು

ಈ ದಾರಿಯಲ್ಲಿ ಹಲವರು ನಡೆದಿದ್ದಾರೆ. 1988ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಎಂಬ್‌ನೆಟ್ ಎಂಬ ಜಾಲ ಕ್ರಮೇಣ ಬೇರೆ ಖಂಡಗಳಿಗೂ ಹಬ್ಬಿತು. ನಮ್ಮ ದೇಶದಿಂದ ಹೈದರಾಬಾದಿನ ಸಿಡಿಎಫ್‌ಡಿ ಅದರ ಕೇಂದ್ರವಾಯಿತು. 2000ದ ದಶಕದ ಆರಂಭದಲ್ಲಿ ಸಿಂಗಪುರ, ಸ್ವೀಡನ್, ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ವಿಶ್ವವಿದ್ಯಾಲಯಗಳು ಎಸ್-ಸ್ಟಾರ್ ಎಂಬ ಒಕ್ಕೂಟ ಮಾಡಿಕೊಂಡು ಅಂತರ್ಜಾಲದ ಮೂಲಕ ಪಾಠ ಹೇಳಿದವು. 2012ರಲ್ಲಿ ಗಾಬ್ಲೆಟ್ ಎಂಬ ಜಾಗತಿಕ ಸಂಘಟನೆ ಹುಟ್ಟಿತು. ಒಬ್ಬರು ತಯಾರಿಸಿದ ಪಾಠ ಇನ್ನೊಬ್ಬರಿಗೂ ಸಿಗಬೇಕು, ಕಲಿಸುವವರಿಗೂ ತರಬೇತಿ ಇರಬೇಕು ಎಂಬುದು ಅದರ ಉದ್ದೇಶ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಆಫ್ರಿಕದ ಪ್ರಯೋಗ. ಶಿಕ್ಷಕರು ಇದನ್ನು ಗಮನವಿಟ್ಟು ಕೇಳಬೇಕು.

2012ರಲ್ಲಿ ಆಫ್ರಿಕದಲ್ಲಿ ಎಚ್3ಎಬಯೊನೆಟ್ ಎಂಬ ಜಾಲ ಆರಂಭವಾಯಿತು. ಹಣ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳದು. ಮುನ್ನಡೆಸಿದವರು ಕೇಪ್‌ಟೌನ್ ವಿಶ್ವವಿದ್ಯಾಲಯದ ಪ್ರೊಫೆಸರ್ ನಿಕೊಲಾ ಮಲ್ಡರ್. ಮೊರಾಕ್ಕೊ, ಟುನೀಷಿಯ, ಸುಡಾನ್, ನೈಜೀರಿಯ, ದಕ್ಷಿಣ ಆಫ್ರಿಕ ಮುಂತಾದ ಹಲವು ದೇಶಗಳ ಸಂಸ್ಥೆಗಳು ಅದರಲ್ಲಿ ಸೇರಿದ್ದವು. ಅವರ ಮುಂದಿದ್ದ ತೊಡಕುಗಳು ನಮಗೂ ಪರಿಚಿತವೇ. ಕಲಿಯಬೇಕೆನ್ನುವವರು ದೂರದೂರದಲ್ಲಿದ್ದಾರೆ. ಬಲ್ಲ ಶಿಕ್ಷಕರು ಬೆರಳೆಣಿಕೆಯಷ್ಟು. ವಿಮಾನದಲ್ಲಿ ಕರೆಸಿ ಒಂದು ವಾರ ತರಬೇತಿ ಕೊಟ್ಟರೆ ಇಪ್ಪತ್ತು ಮೂವತ್ತು ಜನರಿಗೆ ಮಾತ್ರ ಪ್ರಯೋಜನ. ಅಂತರ್ಜಾಲದಲ್ಲಿ ಪಾಠ ಹಾಕೋಣವೆಂದರೆ ಸಂಪರ್ಕ ನಿಧಾನ. ಒಂಟಿಯಾಗಿ ಕಂಪ್ಯೂಟರ್ ಮುಂದೆ ಕುಳಿತವರು ಸಂದೇಹ ಬಂದ ಕಡೆ ನಿಂತುಬಿಡುತ್ತಾರೆ.

2016ರಲ್ಲಿ ಅವರು ಒಂದು ಉಪಾಯ ಮಾಡಿದರು. ಪಾಠಗಳನ್ನು ಮೊದಲೇ ವಿಡಿಯೊ ಮಾಡಿ ಎಲ್ಲ ಕೇಂದ್ರಗಳಿಗೂ ಸಿಗುವಂತೆ ಮಾಡಿದರು. ಪ್ರತಿ ಕೇಂದ್ರದಲ್ಲಿ ಒಂದು ಕೋಣೆ, ಕಂಪ್ಯೂಟರುಗಳು, ಜೊತೆಗೆ ಸ್ವಲ್ಪ ವಿಷಯ ಬಲ್ಲ ಸ್ಥಳೀಯ ಸಹಾಯಕ ಶಿಕ್ಷಕರು. ವಾರಕ್ಕೆ ಎರಡು ದಿನ ಎಲ್ಲರೂ ಆ ಕೋಣೆಯಲ್ಲಿ ಸೇರಬೇಕು. ವಿಡಿಯೊ ನೋಡಬೇಕು, ಕೈಯಾರೆ ಅಭ್ಯಾಸ ಮಾಡಬೇಕು. ಸಂದೇಹಗಳನ್ನು ಮೊದಲು ಪಕ್ಕದ ಸಹಾಯಕರಿಗೆ ಕೇಳಬೇಕು. ಅಲ್ಲಿಯೂ ಬಗೆಹರಿಯದಿದ್ದರೆ ದೂರದ ಪ್ರಾಧ್ಯಾಪಕರು ನೇರ ಸಂಪರ್ಕದಲ್ಲಿ ಉತ್ತರಿಸುತ್ತಾರೆ. ಹೀಗೆ ಮೂರು ತಿಂಗಳು ನಡೆಯಿತು. ಮೊದಲ ವರ್ಷವೇ 10 ದೇಶಗಳ 20 ಸಂಸ್ಥೆಗಳಲ್ಲಿ 364 ಮಂದಿ ಹೆಸರು ನೋಂದಾಯಿಸಿದರು. ಲೆಕ್ಕ ಹಾಕಿದರೆ ಒಂದು ಕೋಣೆಗೆ ಸರಾಸರಿ 18 ಮಂದಿ. ನಮ್ಮ ಶಾಲೆಯ ಒಂದು ತರಗತಿಗಿಂತಲೂ ಚಿಕ್ಕದು. ಮುಂದಿನ ವರ್ಷಗಳಲ್ಲಿಯೂ ಈ ಪಾಠ ಮುಂದುವರಿಯಿತು. 2022ರಲ್ಲಿ ಆ ಯೋಜನೆಯ ಹತ್ತು ವರ್ಷಗಳ ಅವಧಿ ಮುಗಿಯಿತು. ಆದರೆ ಕಲಿತವರು ಉಳಿದರು, ಕಲಿಸುವ ಮಾದರಿಯೂ ಉಳಿಯಿತು.

ಇಲ್ಲಿ ನಾವು ಗಮನಿಸಬೇಕಾದ ವಿಷಯವಿದೆ. ಅವರು ಕಟ್ಟಡ ಕಟ್ಟಲಿಲ್ಲ. ಇದ್ದ ಕೋಣೆಯನ್ನೇ ಬಳಸಿದರು. ಅಲ್ಲಿ ದೊಡ್ಡ ವಿದ್ವಾಂಸರು ಇರಲಿಲ್ಲ. ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು "ಇಲ್ಲಿ ನೋಡಪ್ಪ, ಇಲ್ಲಿ ತಪ್ಪಿದೆ" ಎಂದು ಹೇಳುವ ಒಬ್ಬರಿದ್ದರು. ತಂತ್ರಜ್ಞಾನ ಎಷ್ಟೇ ಬೆಳೆದರೂ ಆ ಒಬ್ಬರ ಜಾಗವನ್ನು ಯಂತ್ರ ಪೂರ್ತಿಯಾಗಿ ತುಂಬಲಾರದು ಎಂಬುದು ಶಿಕ್ಷಕನಾಗಿ ನನ್ನ ನಂಬಿಕೆ.

ಸ್ಥಳೀಯವಾಗಿ ಓದಬಲ್ಲವರು ಇದ್ದರೆ ಏನಾಗುತ್ತದೆ ಎಂಬುದಕ್ಕೆ 2021ರ ನವೆಂಬರ್ ಸಾಕ್ಷಿ. ಕೊರೊನಾದ ಒಮಿಕ್ರಾನ್ ತಳಿಯನ್ನು ಮೊದಲು ಗುರುತಿಸಿದವರು ಬೋಟ್ಸ್ವಾನ ಮತ್ತು ದಕ್ಷಿಣ ಆಫ್ರಿಕದ ವಿಜ್ಞಾನಿಗಳು. ನವೆಂಬರ್ 24ರಂದು ದಕ್ಷಿಣ ಆಫ್ರಿಕ ಅದನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಅದಕ್ಕೆ ಸಿಕ್ಕ ಬಹುಮಾನವೇನು ಗೊತ್ತೇ? ಕೆಲವೇ ದಿನಗಳಲ್ಲಿ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಸತ್ಯ ಹೇಳಿದವನಿಗೇ ಶಿಕ್ಷೆ ಎಂದು ಅಲ್ಲಿನವರು ನೊಂದರು. ಆದರೂ ಅವರು ಹೇಳಿದ್ದರಿಂದ ಜಗತ್ತು ಎಚ್ಚೆತ್ತಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳನ್ನು ಪ್ರಕಟಿಸಿದಾಗ ಅವು ಪತ್ತೆಯಾಗಿದ್ದ ಊರು ನಮ್ಮ ಬೆಂಗಳೂರೇ. ಏನನ್ನು ಹುಡುಕಬೇಕೆಂದು ನಮಗೆ ಮೊದಲೇ ತಿಳಿದದ್ದು ಅವರಿಂದ.

ಕಂಕುಳಲ್ಲಿ ಕೂಸು

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ನಿಮಗೆ ಗೊತ್ತು. ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಪ್ರೋಟೀನುಗಳ ಆಕಾರ ತಿಳಿಯಲು ಇಂದಿಗೂ ಜಗತ್ತಿನಾದ್ಯಂತ ಬಳಸುವ ನಕ್ಷೆಯನ್ನು 1963ರಲ್ಲಿ ಪ್ರಕಟಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರರು. ಆಗ ಮದರಾಸಿನಲ್ಲಿದ್ದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಒಂದು ವಿಭಾಗವನ್ನೇ ಕಟ್ಟಿದರು. 1980ರ ದಶಕದಲ್ಲಿಯೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಈ ಮಾಹಿತಿಗಾಗಿ ದೇಶವ್ಯಾಪಿ ಜಾಲ ಹಾಕಿತು. 2001ರಲ್ಲಿ ಕರ್ನಾಟಕ ಸರ್ಕಾರದ ಬೆಂಬಲದಿಂದ ಐಬಿಎಬಿ ಎಂಬ ಕಲಿಕಾ ಸಂಸ್ಥೆ ಬೆಂಗಳೂರಿನಲ್ಲಿ ತೆರೆಯಿತು.

ಸಹಕಾರದ ಉತ್ತಮ ಉದಾಹರಣೆಯೊಂದು ವೈಟ್‌ಫೀಲ್ಡಿನಲ್ಲಿಯೇ ಇದೆ. 2002ರಲ್ಲಿ ಅಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆಯವರ ತಂಡದೊಂದಿಗೆ ಸೇರಿ ಮಾನವ ಪ್ರೋಟೀನುಗಳ ಮಾಹಿತಿ ಕೋಶವೊಂದನ್ನು ಕಟ್ಟಿತು. ಯುವ ಜೀವಶಾಸ್ತ್ರಜ್ಞರು ಸಂಶೋಧನಾ ಲೇಖನಗಳನ್ನು ಒಂದೊಂದಾಗಿ ಓದಿ, ಸಾರ ತೆಗೆದು ದಾಖಲಿಸಿದರು. ನಿಘಂಟು ಮಾಡುವವರ ತಾಳ್ಮೆಯ ಕೆಲಸ ಅದು. ಇವೇ ಎರಡು ತಂಡಗಳು ಮುಂಚೂಣಿಯಲ್ಲಿದ್ದು 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿದಾಗ ಅದರಲ್ಲಿ 17,294 ಜೀನುಗಳ ಪ್ರೋಟೀನುಗಳಿದ್ದವು. ಇನ್ನು 10,000 ಭಾರತೀಯರ ಜೀನೋಮ್ ಓದುವ ಯೋಜನೆಯನ್ನು ಮುನ್ನಡೆಸಿದ್ದು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ಆ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರ ಬಳಕೆಗೆ ತೆರೆಯಲಾಯಿತು. ಅದನ್ನು ಇಟ್ಟಿರುವುದು ಫರೀದಾಬಾದಿನ ರಾಷ್ಟ್ರೀಯ ಭಂಡಾರದಲ್ಲಿ.

ಪುಸ್ತಕ ಸಿದ್ಧವಾಗಿದೆ. ಅದರಲ್ಲಿ ನಮ್ಮ ದೇಶದ ನಾನಾ ಸಮುದಾಯಗಳ ಅಕ್ಷರಗಳೂ ಸೇರಿವೆ. ಅದನ್ನು ಓದುವವರಲ್ಲಿ ನಮ್ಮ ಶಾಲೆಯ ಮಕ್ಕಳು ಇರುತ್ತಾರೆಯೇ? ನನ್ನನ್ನು ಕಾಡುವ ಪ್ರಶ್ನೆ ಇದೇ.

ಪೋಷಕರಲ್ಲಿ ಎರಡು ಮಾತು

ನಮ್ಮ ಮನೆಗಳಲ್ಲಿ ಮಗು ಜೀವಶಾಸ್ತ್ರ ತೆಗೆದುಕೊಂಡರೆ ಡಾಕ್ಟರ್ ಆಗಲೇಬೇಕು ಎಂಬ ಲೆಕ್ಕ. ನೀಟ್ ಪರೀಕ್ಷೆಯಲ್ಲಿ ಸೀಟು ಬಾರದಿದ್ದರೆ ಆಕಾಶ ಕಳಚಿ ಬಿದ್ದಂತೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ "ಇನ್ನೇನು ಓದುವುದು ಬಿಡಿ" ಎಂದು ಮನೆಯಲ್ಲಿ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಜೀವಶಾಸ್ತ್ರಕ್ಕೆ ಆಸ್ಪತ್ರೆಯೊಂದೇ ಬಾಗಿಲಲ್ಲ. ಬಿಎಸ್ಸಿ, ಎಂಎಸ್ಸಿ ಮೂಲಕ ಈ ವಿದ್ಯೆಯ ಕಡೆಗೆ ಹೋಗುವ ದಾರಿಗಳಿವೆ. ಒಂದು ಷರತ್ತು: ಗಣಿತವನ್ನು ಬಿಡಬಾರದು. ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ಪ್ರೋಗ್ರಾಮಿಂಗ್ ಇಲ್ಲದೆ ಇಲ್ಲಿ ಮುಂದೆ ಹೋಗಲಾಗದು. ಜೀವಶಾಸ್ತ್ರ ಬೇಕೆಂದು ಗಣಿತವನ್ನು ದೂರವಿಡುವ ಮಕ್ಕಳಿಗೆ ಈ ಮಾತನ್ನು ಎಸ್ಸೆಸ್ಸೆಲ್ಸಿಯಲ್ಲಿಯೇ ಹೇಳಬೇಕು.

ಇದರ ಜೊತೆಗೆ ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. 2000ದ ದಶಕದ ಆರಂಭದಲ್ಲಿ ಈ ವಿದ್ಯೆಯ ಹೆಸರಿನಲ್ಲಿ ನಮ್ಮ ದೇಶದಲ್ಲಿ ಖಾಸಗಿ ಕೋರ್ಸುಗಳು ಅಣಬೆಗಳಂತೆ ಎದ್ದವು. ದೊಡ್ಡ ಸಂಬಳದ ಆಸೆ ತೋರಿಸಿ ಶುಲ್ಕ ಪಡೆದವರೂ ಇದ್ದರು. ಹೇಳಿದಷ್ಟು ಕೆಲಸಗಳು ಇರಲಿಲ್ಲ. ಆದ್ದರಿಂದ ಆಭರಣ ಅಡವಿಟ್ಟು ಯಾವುದೋ ಕೋರ್ಸಿಗೆ ಸೇರಿಸಬೇಡಿ. ಕಲಿಸುವವರು ಯಾರು, ಅವರ ಹಿಂದಿನ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಮೊದಲು ಉಚಿತವಾಗಿ ಸಿಗುವುದನ್ನು ನೋಡಿ. ಇಂಗ್ಲೆಂಡಿನ ಯೂರೋಪಿಯನ್ ಬಯೊಇನ್ಫರ್ಮ್ಯಾಟಿಕ್ಸ್ ಸಂಸ್ಥೆ ತನ್ನ ಜಾಲತಾಣದಲ್ಲಿ ಪಾಠಗಳನ್ನು ಉಚಿತವಾಗಿ ಇಟ್ಟಿದೆ. ಗ್ಯಾಲಕ್ಸಿ ಎಂಬ ಅಂತಾರಾಷ್ಟ್ರೀಯ ಬಳಗದ ಅಭ್ಯಾಸ ಪಾಠಗಳಿವೆ. ನಮ್ಮ ಐಐಟಿಗಳ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ದೊರೆಯುತ್ತವೆ. ಮಗು ಅದರಲ್ಲಿ ಒಂದನ್ನು ಪೂರ್ತಿ ಮಾಡಲಿ. ಆಸಕ್ತಿ ಇದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿದುಬಿಡುತ್ತದೆ.

ಸಂಸ್ಥೆಯ ಮುಂದೆ ಒಂದು ಕೋರಿಕೆ

ಉಚಿತ ಪಾಠಗಳಿಗೂ ನಮ್ಮ ಮಕ್ಕಳಿಗೂ ನಡುವೆ ಇರುವ ಗೋಡೆ ಇಂಗ್ಲಿಷ್. ಕನ್ನಡ ಮತ್ತು ಉರ್ದು ಮಾಧ್ಯಮದಲ್ಲಿ ಕಲಿತ ಮಗುವಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಪದ ತಿಳಿಯದೆ ಹಿಂಜರಿಯುತ್ತದೆ, ಅಷ್ಟೇ. ಆಫ್ರಿಕದ ಕೋಣೆಯಲ್ಲಿದ್ದ ಸಹಾಯಕ ಶಿಕ್ಷಕರ ಮಹತ್ವ ನಮಗೆ ತಿಳಿಯಬೇಕಾದದ್ದು ಇಲ್ಲಿಯೇ. ವಿಡಿಯೊ ಇಂಗ್ಲಿಷಿನಲ್ಲಿರಲಿ. ಅದನ್ನು ನಿಲ್ಲಿಸಿ "ಇದರ ಅರ್ಥ ಹೀಗೆ" ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ ಹೇಳುವವರು ಒಬ್ಬರು ಬೇಕು. ಆ ಕೆಲಸದಲ್ಲಿ ಭಾಷಾ ಶಿಕ್ಷಕರಿಗೂ ಪಾಲಿದೆ.

ಆದ್ದರಿಂದ ನನ್ನ ಕೋರಿಕೆ ಚಿಕ್ಕದು. ನಮ್ಮ ಸಂಸ್ಥೆಯ ಕಂಪ್ಯೂಟರ್ ಕೋಣೆ ಸಂಜೆ ಹೊತ್ತು ಖಾಲಿ ಇರುತ್ತದೆ. ವಾರಕ್ಕೆ ಎರಡು ಸಂಜೆ, ಮೂರು ತಿಂಗಳು ಅದನ್ನು ಪಿಯುಸಿ ಮತ್ತು ಬಿಎಸ್ಸಿ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ. ಹತ್ತು ಹದಿನೈದು ಮಂದಿ ಸಾಕು. ಜೀವಶಾಸ್ತ್ರದ ಒಬ್ಬ ಉಪನ್ಯಾಸಕರು, ಕಂಪ್ಯೂಟರ್ ಬಲ್ಲ ಒಬ್ಬರು, ಪದಗಳಿಗೆ ಅರ್ಥ ಹೇಳಲು ನಾನು. ಊರಿನಲ್ಲಿಯೇ, ಪರಿಚಿತ ಆವರಣದಲ್ಲಿಯೇ ನಡೆದರೆ ಹೆಣ್ಣುಮಕ್ಕಳನ್ನು ಕಳಿಸಲು ಪೋಷಕರು ಹಿಂದೆಮುಂದೆ ನೋಡುವುದಿಲ್ಲ. ಹದಿನೈದರಲ್ಲಿ ಇಬ್ಬರು ಈ ದಾರಿ ಹಿಡಿದರೂ ನಮ್ಮ ಶ್ರಮ ಸಾರ್ಥಕ. ಉಳಿದವರಿಗೂ ಕಂಪ್ಯೂಟರ್ ಮತ್ತು ಲೆಕ್ಕದ ಅಭ್ಯಾಸ ನಷ್ಟವೇನಲ್ಲ.

ವಿದ್ಯಾರ್ಥಿಗಳೇ, 'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದರು. ಅವರು ಹೇಳಿದ ಕೋಶ ಪುಸ್ತಕದ್ದು. ಇಂದು ನಿಮ್ಮ ಮುಂದೆ ಇರುವುದು ಜೀವಕೋಶ. ಅದನ್ನು ಓದಲು ದೇಶ ಸುತ್ತಲೇಬೇಕೆಂದಿಲ್ಲ. ದೇಶದೇಶದವರು ಕೂಡಿ ಪುಸ್ತಕವನ್ನು ನಿಮ್ಮ ಊರಿನ ಬಾಗಿಲಿಗೇ ತಂದಿಟ್ಟಿದ್ದಾರೆ. ತೆರೆದು ಓದುವ ಕೆಲಸ ನಿಮ್ಮದು, ಪಕ್ಕದಲ್ಲಿ ನಿಂತು ದೀಪ ಹಿಡಿಯುವ ಕೆಲಸ ನಮ್ಮದು.